ವಿಪಿಎನ್ ಹಾಕಿದ್ದೆ, ಆದರೂ ಟೊರೆಂಟ್‌ನಲ್ಲಿ ಮನೆಯ ವಿಳಾಸ ಕಾಣುತ್ತಿತ್ತು

ದೋಷ ಹೀಗಿತ್ತು

ಸಂತೇಬೆನ್ನೂರು ಪುಷ್ಕರಣಿಯಲ್ಲಿ ತೆಗೆದ ಫೋಟೋಗಳು ಸುಮಾರು 3 ಜಿಬಿ ಇದ್ದವು. ಚಿತ್ರದುರ್ಗದ ಗೆಳೆಯ ಕೇಳಿದ್ದ. ಒಂದು ಟೊರೆಂಟ್ ಮಾಡಿ (ಫೈಲನ್ನು ಒಂದು ಮಷಿನ್‌ನಿಂದ ಇನ್ನೊಂದಕ್ಕೆ ನೇರವಾಗಿ ಹಂಚುವ ಬಿಟ್‌ಟೊರೆಂಟ್ ವಿಧಾನ), ಅದನ್ನು ಇಳಿಸಿಕೊಳ್ಳುವ ಮ್ಯಾಗ್ನೆಟ್ ಲಿಂಕ್ ಕಳಿಸಿದೆ. ದಾವಣಗೆರೆಯ ನಮ್ಮ ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಡೆಬಿಯನ್ ಎಂಬ ಲಿನಕ್ಸ್ ಹಾಕಿದ್ದೇನೆ. ಹಗಲು ರಾತ್ರಿ ಓಡುತ್ತಿರುತ್ತದೆ. ಅದರಲ್ಲಿ ಕ್ಯೂಬಿಟ್‌ಟೊರೆಂಟ್ ಎಂಬ ಟೊರೆಂಟ್ ಪ್ರೋಗ್ರಾಂ, ಜೊತೆಗೆ ವೈರ್‌ಗಾರ್ಡ್ ವಿಪಿಎನ್. ವಿಪಿಎನ್ ಅಂದರೆ ನಮ್ಮ ಇಂಟರ್ನೆಟ್ ಮಾಲನ್ನು ಒಂದು ಸುರಂಗದಲ್ಲಿ ಬೇರೆ ಸರ್ವರ್‌ಗೆ ಒಯ್ದು ಅಲ್ಲಿಂದ ಹೊರಬಿಡುವುದು, ಹೊರಗಿನವರಿಗೆ ಆ ಸರ್ವರ್‌ನ ವಿಳಾಸ ಕಾಣಬೇಕು. ಸರ್ವರ್ ಇರುವುದು ನೆದರ್‌ಲ್ಯಾಂಡ್ಸ್‌ನಲ್ಲಿ. ಬ್ರೌಸರ್ ತೆರೆದು 'ನನ್ನ ಐಪಿ (ಇಂಟರ್ನೆಟ್ ವಿಳಾಸ) ಯಾವುದು' ಅಂತ ನೋಡಿದರೆ ನೆದರ್‌ಲ್ಯಾಂಡ್ಸ್ ಅಂತಲೇ ಬರುತ್ತಿತ್ತು. ಸರಿ, ಎಲ್ಲ ಚೆನ್ನಾಗಿದೆ ಅಂದುಕೊಂಡೆ.

ಅರ್ಧ ಗಂಟೆಗೆ ಗೆಳೆಯನ ಫೋನ್ ಬಂತು. "ವಿಪಿಎನ್ ಹಾಕಿದೀನಿ ಅಂದ್ಯಲ್ಲ, ಇಲ್ಲಿ ನಿನ್ನ ಹೆಸರಿನ ಮುಂದೆ ನಮ್ಮ ತ್ರಿವರ್ಣ ಧ್ವಜ ಬರ್ತಿದೆ." ಪೀರ್ ಅಂದರೆ ಅದೇ ಟೊರೆಂಟ್ ಹಂಚಿಕೊಳ್ಳುತ್ತಿರುವ ಇನ್ನೊಂದು ಮಷಿನ್. ಕ್ಯೂಬಿಟ್‌ಟೊರೆಂಟ್‌ನ ಪೀರ್ ಪಟ್ಟಿಯಲ್ಲಿ ಪ್ರತಿ ವಿಳಾಸದ ಮುಂದೆ ಆ ದೇಶದ ಬಾವುಟ ಕಾಣುತ್ತದೆ ಅಲ್ವಾ, ಅದು. ಟೊರೆಂಟ್ ನಿಲ್ಲಿಸಿ ಮತ್ತೆ ಶುರು ಮಾಡು ಅಂದೆ. ಒಮ್ಮೆ ನೆದರ್‌ಲ್ಯಾಂಡ್ಸ್ ಬಂತು. ಮತ್ತೆ ಮಾಡಿದ, ಭಾರತ ಬಂತು. ಆ ಲಿಂಕ್ ಇದ್ದದ್ದು ನಮ್ಮಿಬ್ಬರ ಹತ್ತಿರ ಮಾತ್ರ. ಹಾಗಾಗಿ ಮೂರನೆಯವನ ಮೇಲೆ ಹಾಕಲು ದಾರಿ ಇಲ್ಲ. ಸೋರಿಕೆ ನನ್ನದೇ.

ಈ ದೋಷ ಹುಡುಕಲು ನನಗೆ ಮೂರು ವಾರ ಹಿಡಿಯಿತು. ನಿಮಗೆ ಒಂದು ಸಂಜೆ ಸಾಕಾಗಬಹುದು ಅಂತ ಬರೆಯುತ್ತಿದ್ದೇನೆ. ಸಿನಿಮಾ ಕದಿಯುವುದು ಹೇಗೆ ಅಂತ ತಿಳಿಯಲು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಮೊದಲು, ಪೀರ್ ಪಟ್ಟಿಯಲ್ಲಿ ವಿಳಾಸ ಯಾಕೆ ಕಾಣುತ್ತದೆ

ಇದು ಬಿಟ್‌ಟೊರೆಂಟ್‌ನ ತಪ್ಪಲ್ಲ. 2001ರಲ್ಲಿ ಬ್ರ್ಯಾಮ್ ಕೋಹೆನ್ ಇದನ್ನು ಮಾಡಿದ್ದು ದೊಡ್ಡ ಫೈಲನ್ನು ಬೇಗ ಹಂಚಲಿಕ್ಕೆ, ಯಾರನ್ನೋ ಮರೆಮಾಡಲಿಕ್ಕೆ ಅಲ್ಲ. ನಡುವೆ ಅಂಗಡಿ ಇಲ್ಲ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನೇರವಾಗಿ ಮಾಲು ಹೋಗಬೇಕು. ಹಾಗಾದರೆ ಮನೆ ನಂಬರ್ ಗೊತ್ತಿರಲೇಬೇಕು.

ಆ ನಂಬರ್ ಸಿಗುವ ದಾರಿಗಳು ಒಂದಲ್ಲ. ಟ್ರ್ಯಾಕರ್ ಎಂಬ ಸರ್ವರ್ ಪಟ್ಟಿ ಇಟ್ಟುಕೊಂಡು, ಕೇಳಿದವರಿಗೆಲ್ಲ ಕೊಡುತ್ತದೆ. ಟ್ರ್ಯಾಕರ್ ಇಲ್ಲದಿದ್ದರೆ ಡಿಎಚ್‌ಟಿ ಇದೆ. 2002ರ ಕಡೆಮ್ಲಿಯ ವಿನ್ಯಾಸದ ಮೇಲೆ ನಿಂತಿರುವ ಇದರಲ್ಲಿ, ಯಾವ ಫೈಲು ಯಾರ ಹತ್ತಿರ ಇದೆ ಎಂಬ ಲೆಕ್ಕವನ್ನು ಲಕ್ಷಾಂತರ ಮಷಿನ್‌ಗಳು ತಮ್ಮತಮ್ಮಲ್ಲೇ ಹಂಚಿಕೊಂಡು ಇಟ್ಟಿರುತ್ತವೆ. ಪೆಕ್ಸ್ ಅಂತ ಇನ್ನೊಂದಿದೆ. ಒಬ್ಬ ಪೀರ್ ತನಗೆ ಗೊತ್ತಿರುವ ಪೀರ್‌ಗಳ ವಿಳಾಸವನ್ನು ಇನ್ನೊಬ್ಬನಿಗೆ ಹೇಳುತ್ತಾನೆ. ಊರಲ್ಲಿ ಸುದ್ದಿ ಹಬ್ಬುವ ರೀತಿ. ಅದಕ್ಕೇ ಸೋರಿಕೆ ಒಂದು ನಿಮಿಷ ಇದ್ದರೂ ಸಾಕು, ವಿಳಾಸ ನಾಲ್ಕು ಕಡೆ ಮುಟ್ಟಿರುತ್ತದೆ.

ಹಾಗಾಗಿ 'ನಾನು ಮರೆಯಾಗಿದ್ದೇನಾ' ಅಂತ ನಮ್ಮ ಮಷಿನ್ ಒಳಗೆ ಕೂತು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ವಿಪಿಎನ್ ಆ್ಯಪ್‌ನ ಹಸಿರು ಗುರುತು ಹೇಳುವುದು ಸುರಂಗ ತೆರೆದಿದೆ ಅಂತ ಮಾತ್ರ. ಎಲ್ಲ ಮಾಲೂ ಅದರೊಳಗೇ ಹೋಗುತ್ತಿದೆ ಅಂತ ಅಲ್ಲ. ಹೊರಗಿನಿಂದ ಒಬ್ಬರು ನೋಡಿ ಹೇಳಬೇಕು. ನನಗೆ ಆ ಗೆಳೆಯ ಇದ್ದ. ಬೇರೆ ಊರಲ್ಲಿ ಬೇರೆ ಲೈನ್ ಇರುವ ಒಬ್ಬರನ್ನು ನೀವೂ ಹುಡುಕಿಕೊಳ್ಳಿ. ನಿಮ್ಮದೇ ಸ್ವಂತ ಫೈಲಿನ ಒಂದು ಟೊರೆಂಟ್ ಮಾಡಿ, ಅವರಿಗೆ ಮಾತ್ರ ಲಿಂಕ್ ಕೊಡಿ. ಪೀರ್ ಪಟ್ಟಿಯಲ್ಲಿ ಏನು ಕಾಣುತ್ತದೆ ಅಂತ ಫೋನಿನಲ್ಲೇ ಓದಿಸಿ.

ಮನೆಯೊಳಗೆ ಮಾಡುವ ಇನ್ನೊಂದು ಪರೀಕ್ಷೆಯೂ ಇದೆ. ಹೋಗಿಬರುವ ಮಾಲನ್ನು ತೋರಿಸುವ ಟಿಸಿಪಿಡಂಪ್ ಎಂಬ ಸಣ್ಣ ಪ್ರೋಗ್ರಾಂ ಹಾಕಿಕೊಳ್ಳಿ. ಅದನ್ನು ವಿಪಿಎನ್ ಇಂಟರ್‌ಫೇಸ್ (ಮಾಲು ಮಷಿನ್‌ನಿಂದ ಹೊರಡುವ ಬಾಗಿಲು) ಮೇಲೆ ಅಲ್ಲ, ನಿಜವಾದ ಲ್ಯಾನ್ ಅಥವಾ ವೈಫೈ ಇಂಟರ್‌ಫೇಸ್ ಮೇಲೆ ಓಡಿಸಿ. ವೈರ್‌ಗಾರ್ಡ್ ಪೋರ್ಟನ್ನು ಬಿಟ್ಟು ಉಳಿದದ್ದು ತೋರಿಸು ಅಂತ ಹೇಳಿ. ಸಾಮಾನ್ಯವಾಗಿ ಅದು ಯುಡಿಪಿ 51820. ನಿಮ್ಮ ವೈರ್‌ಗಾರ್ಡ್ ಸೆಟ್ಟಿಂಗ್ ಫೈಲಿನಲ್ಲಿ ಎಂಡ್‌ಪಾಯಿಂಟ್ ಸಾಲಿನ ಕೊನೆಗೆ ಇರುವ ಸಂಖ್ಯೆ ನೋಡಿ. ಎಲ್ಲ ಸರಿ ಇದ್ದರೆ ಪರದೆ ಹೆಚ್ಚುಕಡಿಮೆ ಖಾಲಿ ಇರಬೇಕು. ರೂಟರ್ ಜೊತೆಗಿನ ಮಾತುಕತೆ ಅಲ್ಲೊಂದು ಇಲ್ಲೊಂದು ಬರಬಹುದು. ನನ್ನ ಪರದೆ ಸಂತೆಯ ಹಾಗೆ ತುಂಬಿ ಹರಿಯಿತು.

ಮೊದಲ ಕಾರಣ: ಐಪಿವಿ6

ಗೆಳೆಯ ಓದಿ ಹೇಳಿದ ವಿಳಾಸ ನಾಲ್ಕು ಸಂಖ್ಯೆಯ ಹಳೇ ಥರದ ಐಪಿವಿ4 ಅಲ್ಲ. ಕೋಲನ್‌ಗಳು ತುಂಬಿದ ಉದ್ದನೆಯ ಹೊಸ ಥರದ್ದು, ಐಪಿವಿ6. ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಎರಡು ದಿನ ವಿಪಿಎನ್ ಸರ್ವರ್ ಬದಲಾಯಿಸುತ್ತಾ ಕೂತೆ.

ನಡೆದದ್ದು ಇಷ್ಟು. ವೈರ್‌ಗಾರ್ಡ್ ಫೈಲಿನಲ್ಲಿ 'ಅಲೌಡ್ ಐಪೀಸ್' ಅಂತ ಒಂದು ಸಾಲು ಇರುತ್ತದೆ. ಯಾವ ವಿಳಾಸಗಳಿಗೆ ಹೋಗುವ ಮಾಲು ಸುರಂಗಕ್ಕೆ ಇಳಿಯಬೇಕು ಅಂತ ಅದು ಹೇಳುತ್ತದೆ. ನನ್ನ ಫೈಲಿನಲ್ಲಿ ಇದ್ದದ್ದು 0.0.0.0/0 ಮಾತ್ರ. ಅಂದರೆ ಐಪಿವಿ4 ಪೂರ್ತಿ ಸುರಂಗಕ್ಕೆ. ಐಪಿವಿ6 ಬಗ್ಗೆ ಆ ಸಾಲು ಏನನ್ನೂ ಹೇಳುವುದಿಲ್ಲ. ಹೇಳದಿದ್ದರೆ ಏನಾಗುತ್ತದೆ? ಲಿನಕ್ಸ್ ಅದನ್ನು ಎಂದಿನಂತೆ ಮನೆಯ ಫೈಬರ್ ಲೈನಿಗೇ ಬಿಡುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ, ಹಿತ್ತಲ ಬಾಗಿಲು ಹಾರು ಹೊಡೆದು ಇಟ್ಟ ಹಾಗೆ.

ಇತ್ತ ಟೊರೆಂಟ್ ಪ್ರೋಗ್ರಾಂ ಬಲು ಚುರುಕು. ಮಷಿನ್‌ನಲ್ಲಿ ಎಷ್ಟು ವಿಳಾಸ ಇವೆಯೋ ಅಷ್ಟರಿಂದಲೂ 'ನಾನಿದ್ದೇನೆ' ಅಂತ ಸಾರುತ್ತದೆ. ಐಪಿವಿ4ರಲ್ಲಿ ಸಾರಿದ್ದು ನೆದರ್‌ಲ್ಯಾಂಡ್ಸ್‌ನಿಂದ ಹೊರಬಿತ್ತು, ಐಪಿವಿ6ರಲ್ಲಿ ಸಾರಿದ್ದು ನಮ್ಮ ಮನೆಯಿಂದ. ಗೆಳೆಯನ ಪಟ್ಟಿಯಲ್ಲಿ ಯಾವ ಸಂಪರ್ಕ ಮೊದಲು ಕೂಡಿತೋ ಆ ಬಾವುಟ. ಅದಕ್ಕೇ ಒಮ್ಮೆ ಅದು, ಒಮ್ಮೆ ಇದು.

ನನ್ನ ಪರೀಕ್ಷೆ ಯಾಕೆ ಸುಳ್ಳು ಹೇಳಿತು? ನಾನು ನೋಡುತ್ತಿದ್ದ ಐಪಿ ಪುಟಕ್ಕೆ ಐಪಿವಿ4 ಮಾತ್ರ ಇತ್ತು. ಐಪಿವಿ6 ಇರುವ ಪುಟ ನೋಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು. ಗೆಳೆಯನ ಲೈನಿನಲ್ಲಿ ಐಪಿವಿ6 ಇದ್ದದ್ದರಿಂದ ಅವನಿಗೆ ಕಂಡಿತು. ಇಲ್ಲದವರ ಹತ್ತಿರ ಕೇಳಿದ್ದರೆ 'ಎಲ್ಲ ಸರಿ ಇದೆ' ಅಂದುಬಿಡುತ್ತಿದ್ದರು. ಹಾಗಾಗಿ ಪರೀಕ್ಷೆಗೆ ಕರೆಯುವವರ ಹತ್ತಿರ ಐಪಿವಿ6 ಇದೆಯಾ ಅಂತ ಮೊದಲೇ ಕೇಳಿ.

ಇನ್ನೂ ಒಂದು ಮುಜುಗರದ ವಿಷಯ. ಅವನು ಓದಿದ ವಿಳಾಸದ ಕೊನೆಯರ್ಧದ ನಡುವೆ 'ಎಫ್‌ಎಫ್:ಎಫ್‌ಇ' ಅಂತ ಇತ್ತು. ಅದು ಇದ್ದರೆ ಆ ಅರ್ಧ ವಿಳಾಸ ನೆಟ್‌ವರ್ಕ್ ಕಾರ್ಡಿನ ಸ್ವಂತ ಗುರುತಾದ ಮ್ಯಾಕ್ ನಂಬರಿನಿಂದ ಹುಟ್ಟಿದ್ದು ಅಂತ ಅರ್ಥ. 48 ಬಿಟ್‌ನ ಮ್ಯಾಕ್ ನಂಬರನ್ನು ನಡುವೆ ಸೀಳಿ, ಇದನ್ನು ತುರುಕಿ, ಒಂದು ಬಿಟ್ ತಿರುಗಿಸಿ 64 ಮಾಡುತ್ತಾರೆ. ಅಂದರೆ ನಾನು ಲೈನ್ ಬದಲಾಯಿಸಿದರೂ, ಊರು ಬದಲಾಯಿಸಿದರೂ ಆ ಬಾಲ ಬದಲಾಗುವುದಿಲ್ಲ. ಐಪಿವಿ4ರಲ್ಲಾದರೆ ಮನೆಮಂದಿಯೆಲ್ಲ ಒಂದೇ ವಿಳಾಸದ ಹಿಂದೆ ಇರುತ್ತೇವೆ. ಇಲ್ಲಿ ನೇರ ಆ ಡೆಸ್ಕ್‌ಟಾಪ್‌ನತ್ತಲೇ ಬೆರಳು. ಇದಕ್ಕೆ ಪರಿಹಾರ ಬಹಳ ಹಿಂದೆಯೇ ಬಂದಿದೆ. ಪ್ರೈವಸಿ ಎಕ್ಸ್‌ಟೆನ್ಷನ್ ಅಂತ. ಆಗಾಗ ಹೊಸ ಬಾಲ ಹುಟ್ಟಿಸುತ್ತದೆ. ನನ್ನ ಹಳೇ ಡೆಬಿಯನ್‌ನಲ್ಲಿ ಅದನ್ನು ಆನ್ ಮಾಡಿರಲಿಲ್ಲ, ಅಷ್ಟೇ.

ಸರಿಪಡಿಸಿದ್ದು: ಅಲೌಡ್ ಐಪೀಸ್ ಸಾಲಿನಲ್ಲಿ 0.0.0.0/0 ಆದ ಮೇಲೆ ಒಂದು ಅಲ್ಪವಿರಾಮ ಹಾಕಿ ::/0 ಸೇರಿಸಿದೆ. ವಿಪಿಎನ್‌ನವರು ಐಪಿವಿ6 ಕೊಡದಿದ್ದರೂ ಪರವಾಗಿಲ್ಲ. ಆ ಮಾಲು ಸುರಂಗದ ಬಾಯಿಗೆ ಹೋಗಿ ಅಲ್ಲೇ ಸಾಯುತ್ತದೆ, ಹೊರಗೆ ಬರುವುದಿಲ್ಲ. ಕೆಲವರು ಮಷಿನ್‌ನಲ್ಲೇ ಐಪಿವಿ6 ಪೂರ್ತಿ ಆಫ್ ಮಾಡಿ ಅನ್ನುತ್ತಾರೆ. ಅದೂ ಆಗುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಮಾಡಬೇಡಿ. ಐಪಿವಿ6 ಆಫ್ ಇದ್ದು, ಫೈಲಿನಲ್ಲಿ ಐಪಿವಿ6 ವಿಳಾಸವೂ ಇದ್ದರೆ ಸುರಂಗ ಏಳುವುದೇ ಇಲ್ಲ, 'ಪರ್ಮಿಷನ್ ಡಿನೈಡ್' ಅಂತ ಬೈಯುತ್ತದೆ.

ಟಿಸಿಪಿಡಂಪ್ ಮತ್ತೆ ಓಡಿಸಿದೆ. ಪರದೆ ತಣ್ಣಗಾಯಿತು. 239.192.152.143 ಅಂತ ಒಂದು ವಿಳಾಸಕ್ಕೆ, ಪೋರ್ಟ್ 6771ಕ್ಕೆ ಆಗಾಗ ಏನೋ ಹೋಗುತ್ತಿತ್ತು. ಅದು ಲೋಕಲ್ ಪೀರ್ ಡಿಸ್ಕವರಿ. ಅದೇ ವೈಫೈನಲ್ಲಿ ಇದೇ ಟೊರೆಂಟ್ ಇರುವವರು ಯಾರಾದರೂ ಇದ್ದೀರಾ ಅಂತ ಕೂಗುವುದು. ಮನೆಯಲ್ಲಿ ತೊಂದರೆ ಇಲ್ಲ. ಹಾಸ್ಟೆಲ್ ವೈಫೈನಲ್ಲಿ ಇರುವವರು ಆಫ್ ಮಾಡಿ.

ಎರಡನೆಯದು: ಕರೆಂಟ್ ಹೋಗಿ ಬಂದಾಗ

ಒಂದು ವಾರ ಆರಾಮಾಗಿತ್ತು. ಒಂದು ಮಧ್ಯಾಹ್ನ ಮತ್ತೆ ಫೋನ್. ಮತ್ತೆ ತ್ರಿವರ್ಣ. ಈ ಸಲ ಐಪಿವಿ4ರಲ್ಲೇ.

ಆ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲ. ಇದ್ದದ್ದರ ಬ್ಯಾಟರಿ ಸತ್ತು ವರ್ಷವಾಗಿದೆ. ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗಲಿ ಅಂತ ಬಯಾಸ್‌ನಲ್ಲಿ ಹಾಕಿಟ್ಟಿದ್ದೇನೆ. ಲಾಗಿನ್ ಆದ ಕೂಡಲೇ ಕ್ಯೂಬಿಟ್‌ಟೊರೆಂಟ್ ತಾನೇ ಶುರುವಾಗುತ್ತದೆ. ಅದೂ ನಾನೇ ಹಾಕಿದ್ದು. ಆದರೆ ವೈರ್‌ಗಾರ್ಡ್? ಅದನ್ನು ಪ್ರತಿ ಸಲ ಕೈಯಿಂದ ಏಳಿಸುತ್ತಿದ್ದೆ. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಯಿತು, ಬಂತು, ಮಷಿನ್ ಎದ್ದಿತು, ಟೊರೆಂಟ್ ಎದ್ದಿತು, ಸುರಂಗ ಏಳಲಿಲ್ಲ. ನಾನು ಊಟಕ್ಕೆ ಕೂತಿದ್ದೆ.

ಸುರಂಗವನ್ನು ಬೂಟ್ ಆಗುವಾಗಲೇ ಏಳುವ ಸೇವೆ ಮಾಡಿದೆ. ಅದು ಅರ್ಧ ಪರಿಹಾರ ಮಾತ್ರ. ಏನೋ ಕಾರಣಕ್ಕೆ ಸುರಂಗ ಏಳದಿದ್ದರೆ ಮತ್ತೆ ಅದೇ ಕಥೆ. ಪೂರ್ತಿ ಪರಿಹಾರ ಬೈಂಡ್ ಮಾಡುವುದು, ಅಂದರೆ ಟೊರೆಂಟ್ ಪ್ರೋಗ್ರಾಂ ಅನ್ನು ಸುರಂಗಕ್ಕೇ ಕಟ್ಟಿಹಾಕುವುದು. ಕ್ಯೂಬಿಟ್‌ಟೊರೆಂಟ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋದರೆ 'ನೆಟ್‌ವರ್ಕ್ ಇಂಟರ್‌ಫೇಸ್' ಅಂತ ಇದೆ. ಅಲ್ಲಿ 'ಎನಿ ಇಂಟರ್‌ಫೇಸ್' ಅಂತ ಇರುತ್ತದೆ. ಅದನ್ನು ತೆಗೆದು ವೈರ್‌ಗಾರ್ಡ್‌ನ ಇಂಟರ್‌ಫೇಸ್ ಆರಿಸಿ. ನನ್ನಲ್ಲಿ ಅದರ ಹೆಸರು ಡಬ್ಲ್ಯುಜಿ0. ಇನ್ನು ಮೇಲೆ ಆ ಇಂಟರ್‌ಫೇಸ್ ಇಲ್ಲದಿದ್ದರೆ ಪ್ರೋಗ್ರಾಂಗೆ ಹೊರಗೆ ಹೋಗಲು ಬಾಗಿಲೇ ಇಲ್ಲ. ಸುರಂಗ ಬಿದ್ದರೆ ಇಂಟರ್ನೆಟ್ ಕಡಿಯುವ, ವಿಪಿಎನ್ ಆ್ಯಪ್‌ಗಳ 'ಕಿಲ್ ಸ್ವಿಚ್'ಗಿಂತ ನನಗೆ ಇದರ ಮೇಲೆ ಜಾಸ್ತಿ ನಂಬಿಕೆ. ಎಷ್ಟೋ ಕಿಲ್ ಸ್ವಿಚ್‌ಗಳು ಕೆಲಸ ಮಾಡಬೇಕಾದರೆ ಆ ಆ್ಯಪ್ ಎದ್ದಿರಬೇಕು. ಸುರಂಗ ಬಿದ್ದು ಎದ್ದ ಮೇಲೆ ಒಮ್ಮೊಮ್ಮೆ ಕ್ಯೂಬಿಟ್‌ಟೊರೆಂಟ್ ಸುಮ್ನೆ ಕೂತುಬಿಡುತ್ತದೆ. ಮುಚ್ಚಿ ತೆರೆದರೆ ಸರಿಹೋಗುತ್ತದೆ. ಸೋರುವುದಕ್ಕಿಂತ ನಿಲ್ಲುವುದು ಮೇಲು.

ಮೂರನೆಯದು: ಈಗ ಏನೂ ಹೋಗುತ್ತಿಲ್ಲ

ಇದನ್ನು ನಾನು ಕನಸಲ್ಲೂ ಎಣಿಸಿರಲಿಲ್ಲ. ಮುಂದಿನ ಪವರ್ ಕಟ್ ಆದ ಮೇಲೆ ಸೋರಿಕೆ ಇಲ್ಲ, ಸರಿ. ಆದರೆ ಇಂಟರ್ನೆಟ್ಟೇ ಇಲ್ಲ. ಡಬ್ಲ್ಯುಜಿ0 ಎದ್ದು ನಿಂತಿದೆ. ಸ್ಥಿತಿ ಕೇಳಿದರೆ ಕಳಿಸಿದ ಬೈಟ್‌ಗಳು ಏರುತ್ತಿವೆ, ಬಂದ ಬೈಟ್ ಸೊನ್ನೆ. ಸರ್ವರ್ ಜೊತೆ ಕೊನೆಗೆ ಕೈಕುಲುಕಿದ್ದು ಯಾವಾಗ ಅಂತ ಹೇಳುವ 'ಲೇಟೆಸ್ಟ್ ಹ್ಯಾಂಡ್‌ಶೇಕ್' ಎಂಬ ಸಾಲೇ ಕಾಣೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಕೀಲಿಗಳನ್ನು ಮತ್ತೆ ಹಾಕಿದೆ. ಫೋನಿನಲ್ಲಿ ಅದೇ ಲೈನ್ ಚೆನ್ನಾಗಿ ಓಡುತ್ತಿದೆ.

ಕೊನೆಗೆ ಯಾವುದೋ ಲಾಗ್ ನೋಡುವಾಗ ತಾರೀಕು ಕಣ್ಣಿಗೆ ಬಿತ್ತು. ಮಷಿನ್ ಎರಡು ವರ್ಷ ಹಿಂದೆ ನಿಂತಿತ್ತು!

ಮದರ್‌ಬೋರ್ಡ್ ಮೇಲಿನ ಗುಂಡನೆಯ ಸಿಮಾಸ್ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದರೆ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಅದಕ್ಕೂ ಸುರಂಗಕ್ಕೂ ಏನು ಸಂಬಂಧ ಅಂತೀರಾ? ವೈರ್‌ಗಾರ್ಡ್ ಮೊದಲ ಕೈಕುಲುಕಿನ ಸಂದೇಶದಲ್ಲಿ ಒಂದು ಸಮಯದ ಮುದ್ರೆ ಇಡುತ್ತದೆ. ಯಾರಾದರೂ ಹಳೇ ಸಂದೇಶವನ್ನು ಹಿಡಿದಿಟ್ಟುಕೊಂಡು ಮತ್ತೆ ಕಳಿಸಿ ಮೋಸ ಮಾಡಬಾರದು ಅಂತ. ಸರ್ವರ್ ಪ್ರತಿಯೊಬ್ಬರಿಂದ ಬಂದ ಕೊನೆಯ ಮುದ್ರೆಯನ್ನು ನೆನಪಿಟ್ಟುಕೊಂಡಿರುತ್ತದೆ. ಅದಕ್ಕಿಂತ ಹಳೆಯದು ಬಂದರೆ ಎತ್ತಿ ಬಿಸಾಕುತ್ತದೆ. ಉತ್ತರವನ್ನೂ ಕೊಡುವುದಿಲ್ಲ. ಎರಡು ವರ್ಷ ಹಿಂದಿನ ಮುದ್ರೆ ಹೊತ್ತ ನನ್ನ ಮಷಿನ್ ಅದರ ಕಣ್ಣಿಗೆ ಕಳ್ಳ.

ಇಂಟರ್ನೆಟ್‌ನಿಂದ ಸಮಯ ತಾನೇ ಸರಿಯಾಗಬೇಕಲ್ವಾ? ಆಗಬೇಕು. ಆದರೆ ಸಮಯ ಕೇಳುವ ಸಂದೇಶವೂ ಸುರಂಗದ ಒಳಗೇ ಹೋಗಬೇಕು ಅಂತ ನಾನೇ ಕಟ್ಟಿಹಾಕಿದ್ದೇನೆ. ಸಮಯ ಸರಿಯಾಗದೆ ಸುರಂಗ ಏಳದು, ಸುರಂಗ ಏಳದೆ ಸಮಯ ಸರಿಯಾಗದು. ಹುಚ್ಚು ಬಿಡದೆ ಮದುವೆಯಾಗದು ಅನ್ನುವ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಕೈಯಿಂದ ತಾರೀಕು ಸರಿಮಾಡಿದೆ, ಕ್ಷಣದಲ್ಲಿ ಹ್ಯಾಂಡ್‌ಶೇಕ್ ಆಯಿತು. ಮರುದಿನ ಸಿಆರ್2032 ಬ್ಯಾಟರಿ ತಂದು ಹಾಕಿದೆ. ಮಿರ್ಚಿ ಮಂಡಕ್ಕಿ ತಿಂದಷ್ಟೇ ಖರ್ಚು.

ನಡುವೆ ಮಾಡಿದ ತಪ್ಪು ಚಿಕಿತ್ಸೆಗಳು

ಎನ್‌ಕ್ರಿಪ್ಷನ್ ಕಡ್ಡಾಯ ಮಾಡಿ ನೋಡಿದೆ. ಏನೂ ಆಗಲಿಲ್ಲ, ಆಗುವಂಥದ್ದೂ ಅಲ್ಲ. ಟೊರೆಂಟ್‌ನ ಈ ಎನ್‌ಕ್ರಿಪ್ಷನ್ ಹಳೇ ಆರ್‌ಸಿ4 ವಿಧಾನದ್ದು. ಇದು ಟೊರೆಂಟ್ ಮಾಲು ಅಂತ ಇಂಟರ್ನೆಟ್ ಕಂಪನಿಗೆ ಸುಲಭವಾಗಿ ಗೊತ್ತಾಗದಿರಲಿ ಅಂತ ಮಾಡಿದ್ದು. ಎದುರಿಗಿರುವ ಪೀರ್‌ಗೆ ನಿಮ್ಮ ವಿಳಾಸ ಕಂಡೇ ಕಾಣುತ್ತದೆ.

'ಅನಾನಿಮಸ್ ಮೋಡ್' ಅಂತ ಒಂದು ಟಿಕ್ ಇದೆ. ಹೆಸರು ನೋಡಿ ಮೋಸಹೋಗಬೇಡಿ. ಅದು ನಿಮ್ಮ ಪ್ರೋಗ್ರಾಂ ಯಾವುದು, ಯಾವ ಆವೃತ್ತಿ ಎಂಬುದನ್ನು ಬಿಟ್ಟುಕೊಡದಂತೆ ನೋಡಿಕೊಳ್ಳುತ್ತದೆ. ಐಪಿ ಮುಚ್ಚುವುದಿಲ್ಲ.

ರೂಟರ್‌ನಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ವಿಳಾಸವನ್ನು ನೂರಾರು ಮನೆ ಹಂಚಿಕೊಂಡಿರುತ್ತವೆ. 'ಹಂಗಾದ್ರೆ ನಾನು ಸೇಫ್' ಅಂತ ಎದುರುಮನೆ ಹುಡುಗ ಅಂದ. ಹೊರಗಿನ ಪೀರ್‌ಗೆ ನೀವು ಯಾರೆಂದು ತಿಳಿಯದಿರಬಹುದು. ಆದರೆ ಯಾವ ಹೊತ್ತಿನಲ್ಲಿ ಯಾವ ಪೋರ್ಟ್ ಯಾರಿಗೆ ಕೊಟ್ಟಿದ್ದೆ ಎಂಬ ಲೆಕ್ಕ ಇಂಟರ್ನೆಟ್ ಕಂಪನಿಯ ಹತ್ತಿರ ಇರುತ್ತದೆ.

ಟಾರ್ (ಸ್ವಯಂಸೇವಕರ ಹಲವು ಸರ್ವರ್‌ಗಳ ಮೂಲಕ ಸುತ್ತಿಸಿ ವಿಳಾಸ ಮರೆಸುವ ಜಾಲ) ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಓಡುವುದು ಅಲ್ಲಿಗೇ. ಟಾರ್ ಮೇಲೆ ಟೊರೆಂಟ್ ಬೇಡ ಅಂತ ಟಾರ್ ಯೋಜನೆಯವರೇ 2010ರಲ್ಲಿ ಬರೆದಿದ್ದಾರೆ. ಇಂಟರ್ನೆಟ್‌ನಲ್ಲಿ ಮಾಲು ಸಾಗಿಸುವ ವಿಧಾನಗಳಲ್ಲಿ ಟಿಸಿಪಿ, ಯುಡಿಪಿ ಅಂತ ಎರಡಿವೆ. ಟಾರ್ ಟಿಸಿಪಿ ಮಾತ್ರ ಹೊರುತ್ತದೆ. ಡಿಎಚ್‌ಟಿ ಮತ್ತು ಹಲವು ಟ್ರ್ಯಾಕರ್‌ಗಳು ನಡೆಯುವುದು ಯುಡಿಪಿ ಮೇಲೆ. ಟೊರೆಂಟ್ ಪ್ರೋಗ್ರಾಂನಲ್ಲಿ ಟಾರ್ ಅನ್ನು ಪ್ರಾಕ್ಸಿ (ಮಧ್ಯವರ್ತಿ) ಮಾಡಿದ್ದರೂ ಆ ಭಾಗ ಟಾರ್‌ನ ಹೊರಗಿನಿಂದಲೇ ಹೋಗಿಬಿಡಬಹುದು. ಇನ್ನು ಕೆಲವು ಪ್ರೋಗ್ರಾಂಗಳು ಟ್ರ್ಯಾಕರ್‌ಗೆ ಕಳಿಸುವ ಸಂದೇಶದ ಒಳಗೇ ತಮ್ಮ ನಿಜವಾದ ವಿಳಾಸ ಬರೆದಿಡುತ್ತಿದ್ದವು. ಲಕೋಟೆಯ ಮೇಲೆ ಹೆಸರಿಲ್ಲ, ಪತ್ರದ ಕೊನೆಗೆ ಸಹಿ ಇದೆ. 2011ರಲ್ಲಿ ಫ್ರಾನ್ಸ್‌ನ ಇನ್ರಿಯಾ ಸಂಶೋಧಕರು ಇದರ ಮುಂದಿನ ಹೆಜ್ಜೆಯನ್ನೂ ತೋರಿಸಿದರು. ಟೊರೆಂಟ್‌ನಿಂದ ನಿಮ್ಮ ವಿಳಾಸ ಸಿಕ್ಕರೆ, ಅದೇ ಟಾರ್ ಸರ್ಕ್ಯೂಟ್‌ನಲ್ಲಿ (ಸರ್ವರ್‌ಗಳ ನಡುವಿನ ದಾರಿ) ನೀವು ಮಾಡುತ್ತಿದ್ದ ಬೇರೆ ಬ್ರೌಸಿಂಗ್ ಕೂಡ ನಿಮ್ಮದೇ ಅಂತ ಗೊತ್ತಾಗುತ್ತದೆ. ಒಂದು ಕೊಳೆತ ಸೇಬು ಬುಟ್ಟಿಯನ್ನೆಲ್ಲ ಕೆಡಿಸಿತು ಅಂತ ಅವರೇ ಹೆಸರಿಟ್ಟರು. ಅದರ ಮೇಲೆ, ದುಡ್ಡಿಲ್ಲದೆ ಸರ್ವರ್ ನಡೆಸುವ ಸ್ವಯಂಸೇವಕರ ಲೈನನ್ನು 3 ಜಿಬಿ ಫೋಟೋ ಹಾಕಿ ಕಟ್ಟಿಹಾಕುವುದು ಮರ್ಯಾದೆಯಲ್ಲ.

ಇಷ್ಟೆಲ್ಲ ಆದ ಮೇಲೂ ಉಳಿಯುವುದು

ಪೀರ್‌ಗಳಿಗೆ ಈಗ ನನ್ನ ಮನೆ ಕಾಣುವುದಿಲ್ಲ. ವಿಪಿಎನ್ ಕಂಪನಿಗೆ ಎಲ್ಲ ಕಾಣುತ್ತದೆ. ಮುಂಚೆ ಇಂಟರ್ನೆಟ್ ಕಂಪನಿಯನ್ನು ನಂಬಿದ್ದೆ, ಈಗ ಇವರನ್ನು ನಂಬಿದ್ದೇನೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಇವನ್ನೆಲ್ಲ 5 ವರ್ಷ ಇಟ್ಟುಕೊಳ್ಳಬೇಕು ಅಂತ ಇದೆ. ಅದಾದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್ ಥರದ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು.

ನಡುವೆ ಯಾರನ್ನೂ ನಂಬಬಾರದು ಅನ್ನುವ ಕೆಲಸಕ್ಕೆ ಐ2ಪಿ ಎಂಬ ಗುಪ್ತ ಜಾಲ ಇದೆ. 2003ರಿಂದ ಬೆಳೆದು ಬಂದಿದೆ. ಟೊರೆಂಟನ್ನು ಬೇಡ ಅನ್ನದೆ, ಅದಕ್ಕೆಂದೇ ಐ2ಪಿಸ್ನಾರ್ಕ್ ಎಂಬ ಪ್ರೋಗ್ರಾಂ ಜೊತೆಗೇ ಕೊಡುತ್ತದೆ. ಅಲ್ಲಿ ಪೀರ್ ಪಟ್ಟಿಯಲ್ಲಿ ಐಪಿ ಇರುವುದಿಲ್ಲ, ಉದ್ದನೆಯ ಒಂದು ಗುರುತು ಇರುತ್ತದೆ. ನೀವು ಐ2ಪಿ ಬಳಸುತ್ತಿದ್ದೀರಿ ಎಂಬುದು ಹೊರಗೆ ಗೊತ್ತಾಗುತ್ತದೆ. ಏನು ಇಳಿಸುತ್ತಿದ್ದೀರಿ ಎಂಬುದು ಗೊತ್ತಾಗುವುದಿಲ್ಲ. ಹಾಕಿದ ತಕ್ಷಣ 'ಕೆಲಸ ಮಾಡ್ತಿಲ್ಲ' ಅಂತ ತೆಗೆದು ಬಿಸಾಕಬೇಡಿ. ಐ2ಪಿ ಓಡಿಸುವ ಬೇರೆ ಮಷಿನ್‌ಗಳ (ಅಲ್ಲಿ ಅವನ್ನೂ ರೂಟರ್ ಅನ್ನುತ್ತಾರೆ) ಪರಿಚಯವಾಗಿ ಸುರಂಗ ಕಟ್ಟಿಕೊಳ್ಳಲು ಅದಕ್ಕೆ ಹೊತ್ತು ಬೇಕು. ಬ್ರೌಸರ್‌ನಲ್ಲಿ 127.0.0.1, ಪೋರ್ಟ್ 7657 ತೆರೆದರೆ ಸ್ಥಿತಿ ಕಾಣುತ್ತದೆ. ಅಲ್ಲಿ ಗಡಿಯಾರ ತಪ್ಪಿದೆ ಅಂತ ಬಂದರೆ ಮೊದಲು ಅದನ್ನು ಸರಿಮಾಡಿ. ಇದಕ್ಕೂ ಸಮಯ ಸರಿ ಇರಬೇಕು. ನನ್ನ ಹೊಸ ಬ್ಯಾಟರಿ ಅಲ್ಲೂ ಉಪಯೋಗಕ್ಕೆ ಬಂತು.

ಅದೇ ಪುಷ್ಕರಣಿ ಫೋಟೋಗಳನ್ನು ಐ2ಪಿಯಲ್ಲೂ ಒಮ್ಮೆ ಕಳಿಸಿ ನೋಡಿದೆ. ರಾತ್ರಿ ಊಟ ಮಾಡಿ ಹಚ್ಚಿದ್ದು ಬೆಳಿಗ್ಗೆ ನೋಡಿದರೆ ಇನ್ನೂ ಅರ್ಧವೂ ಆಗಿರಲಿಲ್ಲ. ಗೆಳೆಯ ಫೋನ್ ಮಾಡಿ, ಬೆಳಗಿನ ದುರ್ಗದ ಬಸ್ಸಿಗೆ ಒಂದು ಪೆನ್‌ಡ್ರೈವ್ ಹಿಡಿದು ಹತ್ತಿದ್ದರೆ ಇಷ್ಟೊತ್ತಿಗೆ ಇಬ್ಬರೂ ಕೂತು ನೋಡುತ್ತಿದ್ದೆವು ಅಂದ.